ಅಲಿಬಾಗಿನಲ್ಲಿ ಬೀಸುವ ಇನ್ನೊಂದು ಗಾಳಿ

ಮುಂಬಯಿಯ ಸಂಸಾರಗಳಿಗೆ ಅಲಿಬಾಗ್ ಎಂದರೆ ಎರಡು ದಿನಗಳ ರಜೆ, ತೆಂಗಿನ ತೋಟದ ನೆರಳು, ಎಳನೀರು ಮತ್ತು ಸಮುದ್ರದ ನಡುವೆ ನಿಂತಿರುವ ಕುಲಾಬಾ ಕೋಟೆ. ನಾವು ಹೊರಟದ್ದೂ ಅದಕ್ಕಾಗಿಯೇ. ಸೂರ್ಯನಿಂದ ಬೀಸಿ ಬರುವ ಗಾಳಿಯ ವಿಚಾರ ಅಂದು ನಮ್ಮಲ್ಲಿ ಯಾರ ಮನಸ್ಸಿನಲ್ಲಿಯೂ ಇರಲಿಲ್ಲ.

ನಮ್ಮ ಮಾವನವರು ನಾಲ್ವತ್ತು ವರ್ಷಕ್ಕೂ ಮಿಕ್ಕಿ ಮಾಟುಂಗದ ಒಂದೇ ಮನೆಯಲ್ಲಿ ಬಾಳಿದವರು. ಲೆಕ್ಕಪತ್ರದ ಕಛೇರಿಯೊಂದರಲ್ಲಿ ಗುಮಾಸ್ತರಾಗಿ ಸೇರಿ ಅಲ್ಲಿಯೇ ನಿವೃತ್ತರಾದರು. ಅತ್ತೆಯವರು ಹೋದ ಮೇಲೆ ಒಬ್ಬರೇ ಇರುವುದು ಬೇಡವೆಂದು ಅವರನ್ನು ಬೆಂಗಳೂರಿಗೆ ಕರೆದೊಯ್ಯಲು ನಾನು, ನನ್ನ ಹೆಂಡತಿ ಮತ್ತು ಹನ್ನೊಂದು ವರ್ಷದ ಮಗಳು ಜನವರಿಯಲ್ಲಿ ಮುಂಬಯಿಗೆ ಬಂದಿದ್ದೆವು. ಸಾಮಾನು ಕಟ್ಟುವ ಕೆಲಸದಲ್ಲಿ ಎಲ್ಲವೂ ಸುಗಮವಾಗಿ ಸಾಗಿತು. ತೊಡಕಾದದ್ದು ಒಂದು ಕಬ್ಬಿಣದ ಟ್ರಂಕು. ಅದರೊಳಗೆ ಮಾವನವರು ವರ್ಷಕ್ಕೊಂದರಂತೆ ಬರೆದಿಟ್ಟ ನೋಟುಬುಕ್ಕುಗಳಿದ್ದುವು. ಪ್ರತಿದಿನ ಬೆಳಿಗ್ಗೆ ಎಂಟು ಗಂಟೆಗೆ ಮಾಳಿಗೆಯ ಮೇಲಿನ ಮಳೆಮಾಪಕವನ್ನು ನೋಡಿ ಅವರು ಅಂದಿನ ಮಳೆಯ ಅಳತೆಯನ್ನು ಗುರುತು ಹಾಕುತ್ತಿದ್ದರು. ಮಳೆಯಿಲ್ಲದ ದಿನ ಸೊನ್ನೆ. ಪಕ್ಕದಲ್ಲಿ ಹಾಲಿನ ಬೆಲೆ, ಅಕ್ಕಿಯ ಬೆಲೆ.

"ಅಪ್ಪ, ನಮ್ಮ ಮನೆಯಲ್ಲಿ ಇವಕ್ಕೆಲ್ಲ ಜಾಗವಿಲ್ಲ. ರದ್ದಿಯವನಿಗೆ ಹಾಕಿಬಿಡೋಣ" ಎಂದಳು ನನ್ನ ಹೆಂಡತಿ.

ಮಾವನವರು ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಇಷ್ಟು ವರ್ಷ ಇಲ್ಲಿದ್ದೂ ನಾನು ಅಲಿಬಾಗನ್ನು ನೋಡಲಿಲ್ಲ" ಎಂದರು. ಮರುದಿನವೇ ಹೊರಟೆವು.

ಗೇಟ್‌ವೇ ಆಫ್ ಇಂಡಿಯಾದಿಂದ ಮಾಂಡ್ವಾಗೆ ಲಾಂಚಿನಲ್ಲಿ ಒಂದು ಗಂಟೆಯ ದಾರಿ. ಚಳಿಗಾಲದ ಅತಿಥಿಗಳಾದ ಕಡಲಹಕ್ಕಿಗಳು ಹಿಂಡುಹಿಂಡಾಗಿ ನಮ್ಮೊಡನೆ ಬಂದುವು. ಮಾಂಡ್ವಾದಿಂದ ಬಸ್ಸಿನಲ್ಲಿ ತೋಟಗಳ ನಡುವೆ ಹಾದು ಅಲಿಬಾಗನ್ನು ಸೇರಿದೆವು. ಸಮುದ್ರ ಇಳಿದಿದ್ದ ಹೊತ್ತಿನಲ್ಲಿ ಒದ್ದೆ ಮರಳಿನ ಮೇಲೆ ನಡೆದುಕೊಂಡೇ ಕೋಟೆಗೆ ಹೋಗಿಬಂದೆವು. ಶಿವಾಜಿಯ ಕಾಲದಲ್ಲಿ ಕಟ್ಟಲಾರಂಭಿಸಿದ ಈ ಜಲದುರ್ಗ ಮುಂದೆ ಕಾನ್ಹೋಜಿ ಆಂಗ್ರೆಯ ನೌಕಾಬಲಕ್ಕೆ ಆಸರೆಯಾಯಿತು. ಒಳಗೆ ಗಣಪತಿಯ ಗುಡಿ, ಸುತ್ತಲೂ ಉಪ್ಪುನೀರಿದ್ದರೂ ಸಿಹಿನೀರಿನ ಬಾವಿ. ಮಗಳಿಗೆ ಇದೇ ದೊಡ್ಡ ಸೋಜಿಗವಾಯಿತು.

ಆದರೆ ಅಲಿಬಾಗಿನಲ್ಲಿ ಕೋಟೆಗಿಂತ ಸೋಜಿಗದ ಇನ್ನೊಂದು ಸ್ಥಳ ಉಂಟು. ಅದೇ ಭೂಕಾಂತ ವೀಕ್ಷಣಾಲಯ. ನನ್ನ ಹಳೆಯ ಸಹಪಾಠಿಯೊಬ್ಬರು ಮುಂಚಿತವಾಗಿ ಬರೆದು ಅನುಮತಿ ದೊರಕಿಸಿದ್ದರು. ಬಾಗಿಲಿನಲ್ಲಿ ನಮ್ಮನ್ನು ಎದುರುಗೊಂಡ ಹಿರಿಯ ಸಿಬ್ಬಂದಿಯೊಬ್ಬರು ನಗುನಗುತ್ತಲೇ ನಮ್ಮನ್ನು ಸುಲಿಗೆ ಮಾಡಿದರು. ನನ್ನ ನಡುಪಟ್ಟಿ, ಕೈಗಡಿಯಾರ, ಮೊಬೈಲು. ಮಾವನವರ ಬೀಗದ ಕೈಗೊಂಚಲು. ಮಗಳ ತಲೆಯ ಕ್ಲಿಪ್ಪುಗಳು. ಕೊನೆಗೆ ನನ್ನ ಹೆಂಡತಿಯ ಸೆರಗಿನ ಸೇಫ್ಟಿ ಪಿನ್ನುಗಳು! "ಚಿನ್ನ ಇರಲಿ ಅಮ್ಮ, ಅದರಿಂದ ತೊಂದರೆಯಿಲ್ಲ. ಕಬ್ಬಿಣ ಮಾತ್ರ ಬೇಡ" ಎಂದರು ಅವರು. ಅಳತೆಯ ಮಂದಿರವನ್ನು ಕಾಂತಗುಣವಿಲ್ಲದ ಪೋರಬಂದರಿನ ಕಲ್ಲಿನಿಂದ ಕಟ್ಟಿದ್ದಾರೆ. ಕಬ್ಬಿಣದ ಮೊಳೆ, ತಿರುಗಣಿಗಳಿಗೆ ಅಲ್ಲಿ ಪ್ರವೇಶವಿಲ್ಲ. ಆ ಕೆಲಸವನ್ನು ತಾಮ್ರ ಹಿತ್ತಾಳೆಗಳೇ ಮಾಡುತ್ತವೆ.

ಇಷ್ಟು ಮಡಿ ಏತಕ್ಕೆ? ಭೂಮಿ ಒಂದು ದೊಡ್ಡ ಅಯಸ್ಕಾಂತವೆಂಬುದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅಲಿಬಾಗಿನಲ್ಲಿ ಅದರ ಬಲದ ಸಮತಲ ಭಾಗ ಸುಮಾರು 38,000 ನ್ಯಾನೊಟೆಸ್ಲಾ. ಇಲ್ಲಿ ಅಳೆಯಬೇಕಾದದ್ದು ಆ ಮೂವತ್ತೆಂಟು ಸಾವಿರದಲ್ಲಿ ಹತ್ತು, ಇಪ್ಪತ್ತು, ಕೆಲವೊಮ್ಮೆ ಒಂದೇ ಒಂದರ ಏರಿಳಿತ. ಒಂದು ಬೀಗದ ಕೈ ಹತ್ತಿರ ಬಂದರೆ ಸಾಕು, ಲೆಕ್ಕ ಕೆಟ್ಟಿತು.

ಹಿಂದೆ ಇಂಥ ಮಂದಿರಗಳಲ್ಲಿ ನವಿರಾದ ಎಳೆಗೆ ತೂಗುಹಾಕಿದ ಅಯಸ್ಕಾಂತ, ಅದಕ್ಕೊಂದು ಪುಟ್ಟ ಕನ್ನಡಿ, ಕನ್ನಡಿಯಿಂದ ಚಿಮ್ಮಿದ ಬೆಳಕಿನ ಚುಕ್ಕೆ ಛಾಯಾಚಿತ್ರದ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಈಗ ವಿದ್ಯುನ್ಮಾನ ಉಪಕರಣಗಳು ಆ ಕೆಲಸ ಮಾಡುತ್ತವೆ. ನಮ್ಮ ಮಾರ್ಗದರ್ಶಕರು ಒಂದು ಗೆರೆಯನ್ನು ತೋರಿಸಿದರು. ಬಹಳ ಹೊತ್ತು ತಿಳಿಗೊಳದ ನೀರಿನಂತೆ ನುಣುಪಾಗಿ ಸಾಗಿದ್ದ ಆ ಗೆರೆ ಇದ್ದಕ್ಕಿದ್ದಂತೆ, ಮೂರು ನಾಲ್ಕು ನಿಮಿಷಗಳಲ್ಲಿ, ಮೆಟ್ಟಿಲು ಹತ್ತಿದಂತೆ ಮೇಲಕ್ಕೇರಿತ್ತು.

"ಇದು ಸೂರ್ಯನ ಗಾಳಿ ಬಂದು ಭೂಮಿಯ ಬಾಗಿಲನ್ನು ತಳ್ಳಿದ ಗುರುತು" ಎಂದರು ಅವರು.

ಗಾಳಿ ಎಂದರೆ ನಮ್ಮ ತೆಂಗಿನ ಗರಿಗಳನ್ನು ಅಲುಗಿಸುವ ಗಾಳಿಯಲ್ಲ. ಸೂರ್ಯನ ಹೊರವಲಯದ ಉಷ್ಣತೆ ಹತ್ತು ಲಕ್ಷ ಡಿಗ್ರಿಗಳನ್ನು ಮೀರಿದ್ದು. ಅಷ್ಟು ಕಾವಿನಲ್ಲಿ ಅಲ್ಲಿಯ ಅನಿಲ ನಿಲ್ಲಲಾರದೆ ಎಲ್ಲ ದಿಕ್ಕುಗಳಿಗೂ ಹೊರಹೊಮ್ಮುತ್ತಲೇ ಇರಬೇಕೆಂದು ಅಮೆರಿಕದ ಯೂಜೀನ್ ಪಾರ್ಕರ್ 1958ರಲ್ಲಿ ಗಣಿತದಿಂದ ತೋರಿಸಿದರು. ಅದಕ್ಕೆ 'ಸೌರಮಾರುತ' ಎಂಬ ಹೆಸರೂ ಅವರಿಂದಲೇ ಬಂತು. ಮೊದಲು ಅನೇಕರು ನಂಬಲಿಲ್ಲ. 1962ರಲ್ಲಿ ಶುಕ್ರಗ್ರಹದತ್ತ ಹೊರಟ ಮ್ಯಾರಿನರ್ 2 ನೌಕೆ ದಾರಿಯುದ್ದಕ್ಕೂ ಆ ಗಾಳಿಯನ್ನು ಅಳೆದು ಸಂಶಯವನ್ನು ಕಳೆಯಿತು. ಆ ಅಳತೆಗಳನ್ನು ಭೂಮಿಯ ಕಾಂತೀಯ ಏರಿಳಿತಗಳೊಡನೆ ಹೋಲಿಸಿ 1963ರಲ್ಲಿ ಪ್ರಬಂಧ ಬರೆದ ಮೂವರಲ್ಲಿ ಒಬ್ಬರು ನಮ್ಮವರು. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿ ಮುಂದೆ ಭಾರತದ ಉಪಗ್ರಹಗಳ ಶಿಲ್ಪಿಯಾದ ಯು. ಆರ್. ರಾವ್.

ಈ ಗಾಳಿ ಬಲು ತೆಳು. ಭೂಮಿಯ ನೆರೆಯಲ್ಲಿ ಒಂದು ಘನ ಸೆಂಟಿಮೀಟರಿಗೆ ಸಾಮಾನ್ಯವಾಗಿ ಐದಾರು ಕಣಗಳು ಮಾತ್ರ. ಆದರೆ ವೇಗ ಸೆಕೆಂಡಿಗೆ ಸುಮಾರು 400 ಕಿಲೋಮೀಟರು! ಇದರ ಒತ್ತಡ ನಮ್ಮ ಸುತ್ತಣ ವಾಯುವಿನ ಒತ್ತಡದ ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲಿಗಿಂತಲೂ ಎಷ್ಟೋ ಕಡಿಮೆ. ಆದರೂ ಭೂಮಿಯ ಕಾಂತಕ್ಷೇತ್ರ ಹರಡಿರುವ ವಿಸ್ತಾರ ಅಪಾರವಾದುದರಿಂದ, ಅದರ ಮೇಲೆ ಬೀಳುವ ಒಟ್ಟು ಬಲವನ್ನು ಲೆಕ್ಕಹಾಕಿದರೆ ಸರಕು ತುಂಬಿದ ಒಂದು ಗೂಡ್ಸ್ ರೈಲಿನ ತೂಕದಷ್ಟಾಗುತ್ತದೆ.

ಭೂಮಿಯ ಕಾಂತಕ್ಷೇತ್ರ ಈ ಗಾಳಿಗೆ ಅಡ್ಡವಾಗಿ ನಿಲ್ಲುತ್ತದೆ. ಗಾಳಿಯ ಒತ್ತಡವೂ ಕ್ಷೇತ್ರದ ಒತ್ತಡವೂ ಸರಿಸಮನಾದಲ್ಲಿ ಒಂದು ಗಡಿ ಏರ್ಪಡುತ್ತದೆ. ಗಡಿಯೊಳಗಿನದು ಭೂಮಿಯ ಕಾಂತಗೋಳ. ಹೆಸರಿಗೆ ಗೋಳವಾದರೂ ಆಕಾರ ಗೋಳದ್ದಲ್ಲ; ಸೂರ್ಯನ ಕಡೆಗೆ ಮೊಂಡಾಗಿ, ಹಿಂದಕ್ಕೆ ಧೂಮಕೇತುವಿನ ಬಾಲದಂತೆ ನೀಳವಾಗಿದೆ. ಸೂರ್ಯನತ್ತಣ ಗಡಿ ಸಾಮಾನ್ಯ ದಿನಗಳಲ್ಲಿ ಭೂಮಿಯ ಕೇಂದ್ರದಿಂದ ಅರುವತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಆದರೆ ಅದು ಕೋಟೆಯ ಕಲ್ಲಿನ ಗೋಡೆಯಲ್ಲ, ಡೇರೆಯ ಬಟ್ಟೆ. ಗಾಳಿಯ ವೇಗ ಇಮ್ಮಡಿಸಿದರೆ ಒತ್ತಡ ನಾಲ್ಕು ಮಡಿಯಾಗುತ್ತದೆ. ಕಣಗಳ ದಟ್ಟಣೆಯೂ ಏರಿದರೆ ಇನ್ನೂ ಹೆಚ್ಚು. ಆಗ ಡೇರೆ ಒಳಕ್ಕೆ ಕುಗ್ಗುತ್ತದೆ. ಬಲವಾದ ಹೊಡೆತ ಬಿದ್ದಾಗ, 35,786 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಸಂಪರ್ಕ ಉಪಗ್ರಹಗಳು ಕೆಲಹೊತ್ತು ಡೇರೆಯ ಹೊರಗೇ ಉಳಿದುಬಿಡುವುದೂ ಉಂಟು.

ಡೇರೆ ಕುಗ್ಗಿದಾಗ ಅದರ ಗಡಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹ ಹೆಚ್ಚುತ್ತದೆ. ಆ ಪ್ರವಾಹದ ಕಾಂತಪ್ರಭಾವ ಇಲ್ಲಿ ನೆಲದ ಮೇಲಿನ ಬಲಕ್ಕೆ ಕೂಡಿಕೊಳ್ಳುತ್ತದೆ. ಅದೇ ನಾವು ಕಂಡ ಮೆಟ್ಟಿಲು. ಸೂರ್ಯನಿಂದ ಹೊರಟ ಕಣಗಳ ಪ್ರವಾಹವೊಂದು ಬಂದು ಹೀಗೆ ಭೂಮಿಯ ಕಾಂತಕ್ಷೇತ್ರವನ್ನು ಅದುಮಬಹುದೆಂದು ಸಿಡ್ನಿ ಚಾಪ್‌ಮನ್ ಮತ್ತು ಫೆರಾರೊ ಎಂಬ ವಿಜ್ಞಾನಿಗಳು, ಸೌರಮಾರುತ ಎಂಬ ಮಾತೇ ಹುಟ್ಟುವ ಮೊದಲು, 1930ರ ಸುಮಾರಿಗೇ ಊಹಿಸಿದ್ದರು.

ನನ್ನ ಮಗಳು ಅಷ್ಟು ಹೊತ್ತೂ ಸುಮ್ಮನಿದ್ದು ಈಗ ಬಾಯಿಬಿಟ್ಟಳು: "ಯಾರಾದರೂ ಜೇಬಿನಲ್ಲಿ ಬೀಗದ ಕೈ ಇಟ್ಟುಕೊಂಡು ಬಂದಿದ್ದರೂ ಗೆರೆ ಹೀಗೇ ಏರುತ್ತಿತ್ತಲ್ಲವೇ? ಸೂರ್ಯನೇ ಮಾಡಿದ್ದೆಂದು ಹೇಗೆ ಗೊತ್ತು?"

ಹಿರಿಯರು ಬಹಳ ಸಂತೋಷಪಟ್ಟರು. "ಇದೇ ಸರಿಯಾದ ಪ್ರಶ್ನೆ, ಮಗು. ಬೀಗದ ಕೈ ಅಲಿಬಾಗಿನ ಗೆರೆಯನ್ನು ಮಾತ್ರ ಏರಿಸೀತು. ಸೂರ್ಯನ ಹೊಡೆತವಾದರೆ ಅದೇ ಕ್ಷಣದ ಆಚೀಚೆಗೆ ಜಪಾನಿನಲ್ಲಿ, ಹವಾಯಿಯಲ್ಲಿ, ಆಫ್ರಿಕದಲ್ಲಿ, ನಮ್ಮ ತಿರುನೆಲ್ವೇಲಿಯಲ್ಲಿ, ಎಲ್ಲೆಡೆಯೂ ಗೆರೆ ನೆಗೆಯುತ್ತದೆ. ಹತ್ತು ಕಡೆ ಹತ್ತು ಜನ ಬರೆದಿಟ್ಟದ್ದನ್ನು ಜೋಡಿಸಿದಾಗಲೇ ಸತ್ಯ ತಿಳಿಯುವುದು."

ತಿರುನೆಲ್ವೇಲಿಯ ಮಾತು ಬಂದುದರಿಂದ ಅವರು ಇನ್ನೊಂದು ಸ್ವಾರಸ್ಯವನ್ನು ತಿಳಿಸಿದರು. ದಕ್ಷಿಣ ಭಾರತದ ತುದಿಯ ಮೇಲೆ ಭೂಮಿಯ ಕಾಂತೀಯ ಸಮಭಾಜಕ ರೇಖೆ ಹಾದುಹೋಗುತ್ತದೆ. 1963ರ ನವೆಂಬರ್ 21ರಂದು ಭಾರತ ನೆಲದಿಂದ ಮೊದಲ ಬಾಹ್ಯಾಕಾಶ ರಾಕೆಟ್ಟನ್ನು ಹಾರಿಸಲು ಕೇರಳದ ತುಂಬಾ ಎಂಬ ಬೆಸ್ತರ ಹಳ್ಳಿಯನ್ನು ಆರಿಸಿದ್ದೂ ಈ ಕಾರಣದಿಂದಲೇ. ನೂರು ಕಿಲೋಮೀಟರಿಗೆ ತುಸು ಮೇಲೆ, ವಿದ್ಯುದಾವೇಶ ಪಡೆದ ಕಣಗಳಿಂದ ಕೂಡಿದ ಅಯಾನುಗೋಳದಲ್ಲಿ, ಆ ರೇಖೆಯ ಉದ್ದಕ್ಕೂ ಹಗಲು ಹೊತ್ತು ಒಂದು ವಿದ್ಯುತ್ತಿನ ಹೊಳೆ ಪೂರ್ವಕ್ಕೆ ಹರಿಯುತ್ತದೆ. ಸೌರಮಾರುತ ಡೇರೆಯನ್ನು ಅದುಮಿದಾಗ ಹುಟ್ಟುವ ವಿದ್ಯುತ್ ಕ್ಷೇತ್ರ ಧ್ರುವಪ್ರದೇಶದ ಅಯಾನುಗೋಳಕ್ಕೆ ಇಳಿದು, ಅಲ್ಲಿಂದ ಕ್ಷಣಮಾತ್ರದಲ್ಲಿ ಸಮಭಾಜಕದವರೆಗೂ ಹಬ್ಬುತ್ತದೆ. ಆಗ ಈ ಹೊಳೆಯೂ ಉಕ್ಕುತ್ತದೆ. ಆದುದರಿಂದ ಹಗಲಿನಲ್ಲಿ ತಿರುನೆಲ್ವೇಲಿಯ ಜಿಗಿತ ಅಲಿಬಾಗಿನ ಜಿಗಿತಕ್ಕಿಂತ ದೊಡ್ಡದು. ತಿರುನೆಲ್ವೇಲಿಯ ಅಳತೆಯಿಂದ ಅಲಿಬಾಗಿನ ಅಳತೆಯನ್ನು ಕಳೆದರೆ ಉಳಿಯುವುದು ಆ ಹೊಳೆಯ ಪಾಲು. ಎಂಥ ಸರಳವಾದ ಲೆಕ್ಕ! ಅಯಾನುಗೋಳ ಹೀಗೆ ಕದಡಿದಾಗ ಅದರ ಮೂಲಕ ಹಾಯುವ ರೇಡಿಯೋ ಅಲೆಗಳೂ, ನಮ್ಮ ಮೊಬೈಲಿಗೆ ದಾರಿ ತೋರಿಸುವ ಉಪಗ್ರಹಗಳ ಸಂಕೇತಗಳೂ ತಡವರಿಸುವುದುಂಟು.

ಗಾಳಿ ನಿಂತರೆ? ಅದೂ ಒಮ್ಮೆ ಆಯಿತು. 1999ರ ಮೇ 11ರ ಸುಮಾರಿಗೆ ಸೌರಮಾರುತದ ದಟ್ಟಣೆ ಒಂದು ಘನ ಸೆಂಟಿಮೀಟರಿಗೆ ಒಂದು ಕಣದ ಐದನೆಯ ಒಂದು ಪಾಲಿನಷ್ಟಕ್ಕೆ ಇಳಿದುಬಿಟ್ಟಿತು. ಅದುಮುವವರಿಲ್ಲದೆ ಭೂಮಿಯ ಡೇರೆ ಉಬ್ಬಿಕೊಂಡು ಸಾಮಾನ್ಯ ಗಾತ್ರದ ಐದಾರು ಪಟ್ಟು ಹಿಗ್ಗಿತು.

ಒತ್ತಡ ಬಾಗಿಲನ್ನು ತಟ್ಟುತ್ತದೆ, ನಿಜ. ಆದರೆ ಬಾಗಿಲು ತೆರೆಯುವುದು ಇನ್ನೊಂದು ಕಾರಣದಿಂದ. ಸೌರಮಾರುತ ತನ್ನೊಡನೆ ಸೂರ್ಯನ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಅದು ದಕ್ಷಿಣಮುಖವಾಗಿದ್ದು ಭೂಮಿಯ ಕ್ಷೇತ್ರಕ್ಕೆ ಎದುರಾದರೆ, ಎರಡೂ ಬೆಸೆದುಕೊಂಡು ಶಕ್ತಿ ಒಳಗೆ ನುಗ್ಗುತ್ತದೆ. ಭೂಮಿಯ ಸುತ್ತ ಕಣಗಳ ಉಂಗುರವೊಂದು ಬಲಗೊಂಡು ನೆಲದ ಮೇಲಿನ ಕಾಂತಬಲವನ್ನು ಕುಗ್ಗಿಸುತ್ತದೆ. ಗೆರೆ ಮೊದಲು ಮೆಟ್ಟಿಲೇರಿ ಆಮೇಲೆ ಹಳ್ಳಕ್ಕೆ ಬೀಳುತ್ತದೆ. ಇದಕ್ಕೇ ಕಾಂತೀಯ ಬಿರುಗಾಳಿ ಎಂದು ಹೆಸರು. 1989ರ ಮಾರ್ಚ್ 13ರಂದು ಇಂಥ ಬಿರುಗಾಳಿ ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಸುಮಾರು ಅರುವತ್ತು ಲಕ್ಷ ಜನರ ಮನೆಯ ದೀಪಗಳನ್ನು ಒಂಬತ್ತು ಗಂಟೆಗಳ ಕಾಲ ಆರಿಸಿತ್ತು.

ಆದರೆ ಅದಕ್ಕಿಂತ ಘೋರವಾದುದೊಂದು ಹಿಂದೆಯೇ ಬಂದುಹೋಗಿದೆ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಎಂಬವರು ಸೂರ್ಯನ ಕಲೆಗಳ ಚಿತ್ರ ಬರೆಯುತ್ತಿದ್ದಾಗ ಅಲ್ಲಿ ಥಟ್ಟನೆ ಬೆಳಕೊಂದು ಮಿಂಚಿ ಮಾಯವಾಯಿತು. ಹದಿನೇಳೂವರೆ ಗಂಟೆಗಳಲ್ಲಿ ಭೂಮಿಗೆ ಏಟು ಬಿತ್ತು. ಯೂರೋಪು ಅಮೆರಿಕಗಳಲ್ಲಿ ತಂತಿಯಂತ್ರಗಳು ಕೆಟ್ಟುವು. ಆ ಹೊತ್ತಿನಲ್ಲಿ ಮುಂಬಯಿಯ ಕೊಲಾಬಾದ ವೀಕ್ಷಣಾಲಯದಲ್ಲಿ ಕಾಂತಮಾಪಕವನ್ನು ನೋಡುತ್ತ ಜನ ಕುಳಿತಿದ್ದರು. ಅಲ್ಲಿ ಕಾಂತದ ಅಳತೆ 1841ರಿಂದಲೇ ನಡೆದುಬಂದಿತ್ತು. ಕಣ್ಣಿನಿಂದ ನೋಡಬೇಕು, ಕೈಯಿಂದ ಬರೆಯಬೇಕು. ಬಲ ಅಲ್ಲಾಡತೊಡಗಿದಾಗ ಗಂಟೆಗೊಮ್ಮೆಯ ಬದಲು ಕೆಲವು ನಿಮಿಷಗಳಿಗೊಮ್ಮೆ. ಮೊದಲೊಂದು ಜಿಗಿತ, ಬಳಿಕ ಸುಮಾರು 1,600 ನ್ಯಾನೊಟೆಸ್ಲಾಗಳ ಕುಸಿತ. ಅದನ್ನು ಅವರು ಕಂಡ ಹಾಗೆಯೇ ಬರೆದಿಟ್ಟರು.

2003ರಲ್ಲಿ, ಅಂದರೆ 144 ವರ್ಷಗಳ ಮೇಲೆ, ಭಾರತೀಯ ಭೂಕಾಂತತ್ವ ಸಂಸ್ಥೆಯ ಲಾಖಿನಾ ಮತ್ತು ಶೋಭನಾ ಅಲೆಕ್ಸ್ ಅವರು ಹೊರದೇಶದ ಸಂಗಡಿಗರೊಡನೆ ಆ ಹಳೆಯ ಅಂಕಿಗಳನ್ನು ಹೊರತೆಗೆದು ಪ್ರಕಟಿಸಿದರು. ಅಂಥ ಬಿರುಗಾಳಿ ಇಂದು ಬಂದರೆ ಏನಾದೀತೆಂದು ಲೆಕ್ಕಹಾಕುವವರು ಇಂದಿಗೂ ತೆರೆದು ನೋಡುವುದು ಕೊಲಾಬಾದ ಆ ಅಂಕಿಗಳನ್ನು.

ಮಾವನವರು ಆ ಪಟ್ಟಿಯ ಪ್ರತಿಯನ್ನು ಕೈಗೆ ತೆಗೆದುಕೊಂಡು ಕನ್ನಡಕ ಸರಿಪಡಿಸಿಕೊಂಡರು. ನಾವು ನೋಡಿದ ಪುಟದಲ್ಲಿ ಬರೀ ಅಂಕಿಗಳು, ಸಾಲು ಸಾಲು. "ಬರೆದವನಿಗೆ ಇದು ಏನೆಂದು ಗೊತ್ತಿತ್ತೇ?" ಎಂದು ಕೇಳಿದರು.

"ಇಲ್ಲ, ಸಾಹೇಬರೇ. ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಬರೆಯದೆ ಬಿಟ್ಟಿದ್ದರೆ ನಮಗೂ ಗೊತ್ತಾಗುತ್ತಿರಲಿಲ್ಲ."

ಹಾಗಾದರೆ ಕೊಲಾಬಾದ ಕಾಂತಶಾಲೆ ಅಲಿಬಾಗಿಗೆ ಬಂದದ್ದೇಕೆ? ಟ್ರಾಮಿನಿಂದ! ಮುಂಬಯಿಯ ಟ್ರಾಮನ್ನು 1874ರಿಂದ ಕುದುರೆಗಳು ಎಳೆಯುತ್ತಿದ್ದುವು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ವಿದ್ಯುತ್ತಿನಿಂದ ಓಡಿಸುವ ಯೋಜನೆಯಾಯಿತು. ಹಳಿಗಳಿಂದ ನೆಲಕ್ಕೆ ಸೋರುವ ವಿದ್ಯುತ್ತು ಕೊಲಾಬಾದ ಸೂಕ್ಷ್ಮ ಅಳತೆಗಳನ್ನು ಕೆಡಿಸುವುದು ಖಚಿತ. ಆಗ ವೀಕ್ಷಣಾಲಯದ ನಿರ್ದೇಶಕರಾಗಿದ್ದವರು ನಾನಾಭಾಯಿ ಮೂಸ್ ಎಂಬ ಪಾರಸಿ ವಿಜ್ಞಾನಿ. ಅವರು ಹುಟ್ಟಿದ್ದೂ ಅದೇ 1859ರಲ್ಲಿ! ನಗರ ಬೆಳೆಯುವುದನ್ನು ತಡೆಯಲಾಗದು. ಅರವತ್ತು ವರ್ಷಗಳ ದಾಖಲೆ ಕಡಿದುಹೋಗಲೂ ಕೂಡದು. ಮೂಸ್ ಅಲಿಬಾಗನ್ನು ಆರಿಸಿ 1904ರಲ್ಲಿ ಇಲ್ಲಿ ಕೆಲಸ ತೊಡಗಿಸಿದರು. ಹಾಗೆಂದು ಹಳೆಯದನ್ನು ಒಡನೆಯೇ ಮುಚ್ಚಲಿಲ್ಲ. 1906ರವರೆಗೆ ಎರಡು ವರ್ಷ ಎರಡು ಕಡೆಗಳಲ್ಲಿಯೂ ಅಳೆದು, ಅಲ್ಲಿಯ ಅಂಕಿಗೂ ಇಲ್ಲಿಯ ಅಂಕಿಗೂ ಇರುವ ವ್ಯತ್ಯಾಸವನ್ನು ಕಂಡುಕೊಂಡು, ಒಂದು ದಾರದ ತುದಿಗೆ ಇನ್ನೊಂದನ್ನು ಗಂಟುಹಾಕುವಂತೆ ಜೋಡಿಸಿದರು. 1907ರಲ್ಲಿ ವಿದ್ಯುತ್ ಟ್ರಾಮು ಓಡಿತು. 1964ರಲ್ಲಿ ಅದೂ ನಿಂತುಹೋಯಿತು. ಅಲಿಬಾಗಿನ ಗೆರೆ ನಿಂತಿಲ್ಲ.

ಈಗ ಸೌರಮಾರುತದ ಸುದ್ದಿಯನ್ನು ಮೊದಲೇ ತಿಳಿಸುವ ಕಾವಲುಗಾರರೂ ಇದ್ದಾರೆ. 2023ರ ಸೆಪ್ಟೆಂಬರ್ 2ರಂದು ಹೊರಟ ನಮ್ಮ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಂದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರು ದೂರದ ನೆಲೆಯನ್ನು ಸೇರಿತು. ಸಾಮಾನ್ಯ ವೇಗದ ಗಾಳಿ ಅಲ್ಲಿಂದ ಇಲ್ಲಿಗೆ ಬರಲು ಸುಮಾರು ಒಂದು ಗಂಟೆ. ಬಿರುಗಾಳಿಗೆ ಅರ್ಧ ಗಂಟೆಯೂ ಬೇಡ. ಆ ನೌಕೆಯ ಮಾತನ್ನು ಕೇಳುವ ದೊಡ್ಡ ಕಿವಿಗಳು ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿವೆ. 2024ರ ಮೇ 10ರ ರಾತ್ರಿ ನಾವು ಊಟ ಮುಗಿಸಿ ಮಲಗುವ ಹೊತ್ತಿಗೆ ಅಂಥ ಒಂದು ಏಟು ಬಿತ್ತು. ಲಡಾಖಿನ ಹಾನ್ಲೆಯ ಆಕಾಶ ಅಂದಿನ ರಾತ್ರಿ ಕೆಂಪಾಯಿತು. ಅದನ್ನು ಸೆರೆಹಿಡಿದ ಕ್ಯಾಮೆರಗಳು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವು.

"ಉಪಗ್ರಹಗಳು ಇರುವಾಗ ಈ ಕಲ್ಲಿನ ಮನೆ ಇನ್ನೂ ಏಕೆ ಬೇಕು?" ಎಂದು ಕೇಳಿದೆ.

"ಉಪಗ್ರಹದ ಆಯುಸ್ಸು ಕೆಲವೇ ವರ್ಷ. ಗಾಳಿ ಬರುತ್ತಿದೆಯೆಂದು ಅದು ಹೇಳುತ್ತದೆ. ಬಂದ ಗಾಳಿ ಭೂಮಿಯನ್ನು ಏನು ಮಾಡಿತೆಂದು ಹೇಳುವವರು ನಾವು. ನಿನ್ನೆಯ ಅಳತೆಯನ್ನು ಇಂದು ತೆಗೆದುಕೊಳ್ಳಲಾಗದು. ಬರೆಯದೆ ಬಿಟ್ಟ ದಿನ ಹೋದ ಹಾಗೆಯೇ."

ಬಾಗಿಲಿನಲ್ಲಿ ನಮ್ಮ ಕಬ್ಬಿಣವನ್ನೆಲ್ಲ ಹಿಂದಕ್ಕೆ ಪಡೆದೆವು. ಹೆಂಡತಿ ಪಿನ್ನುಗಳನ್ನು ಎಣಿಸಿಕೊಂಡಳು. ಹೊರಗೆ ಬಂದು ನೋಡಿದರೆ ರಸ್ತೆಯಲ್ಲಿ ರಜೆಯ ಕಾರುಗಳ ಸಾಲು, ಅಲ್ಲಲ್ಲಿ ಹೊಸ ಕಟ್ಟಡಗಳು. ಮುಂಬಯಿಯಿಂದ ತಪ್ಪಿಸಿಕೊಂಡು ಬಂದ ಕಾಂತಶಾಲೆಯ ಬಾಗಿಲಿಗೆ ಊರು ಮತ್ತೆ ನಡೆದುಬರುತ್ತಿದೆಯೇ ಎಂಬ ಯೋಚನೆ ನನ್ನನ್ನು ಕಾಡದೆ ಇರಲಿಲ್ಲ.

ಸಂಜೆಯ ಲಾಂಚಿನಲ್ಲಿ ಹಿಂದಿರುಗಿದೆವು. ಸೂರ್ಯ ಕೆಂಪಗೆ, ಸೌಮ್ಯವಾಗಿ, ಏನೂ ಅರಿಯದವನಂತೆ ಮುಳುಗುತ್ತಿದ್ದ. ಮಾವನವರು ನೀರನ್ನು ನೋಡುತ್ತ ಕುಳಿತಿದ್ದರು. ನನ್ನ ಹೆಂಡತಿ ಎದ್ದುಹೋಗಿ ಅವರ ಪಕ್ಕದಲ್ಲಿ ಕುಳಿತಳು.

"ಅಪ್ಪ, ಟ್ರಂಕಿನ ಬೀಗದ ಕೈ ಇದರಲ್ಲಿ ಯಾವುದು?"

ಅವರು ಗೊಂಚಲಿನಿಂದ ಒಂದನ್ನು ಬಿಡಿಸಿಕೊಟ್ಟರು. "ಏಕಮ್ಮ, ರದ್ದಿಯವನು ನಾಳೆ ಬರುತ್ತಾನೆಯೇ?"

"ಬರುವುದಿಲ್ಲ. ಟ್ರಂಕು ನಮ್ಮ ಜೊತೆಯಲ್ಲೇ ಬರುತ್ತದೆ" ಎಂದು ಅವಳು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಮಗಳು ತಾತನ ತೋಳು ಹಿಡಿದು, ಮಳೆಮಾಪಕವನ್ನು ಬೆಂಗಳೂರಿನ ಮಾಳಿಗೆಯಲ್ಲಿ ಎಲ್ಲಿಡಬೇಕೆಂದು ಚರ್ಚಿಸತೊಡಗಿದಳು. ಅದಾದರೂ ಕಬ್ಬಿಣದ್ದಾಗಿರಬಹುದಂತೆ, ಮಳೆಗೆ ಅಷ್ಟು ಮಡಿಯಿಲ್ಲ.